ಲ್ಯಾಂಕಾಸ್ಟರ್‌ನಿಂದ ಅಮ್ಮನಿಗೆ

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಕಡಿಮೆಯಾಗಿದೆ. ನೀನು ಕಳಿಸಿದ ಚಟ್ನಿಪುಡಿ ಇನ್ನೂ ಸ್ವಲ್ಪ ಉಳಿದಿದೆ.

ಭಾನುವಾರ ಊರೊಳಗಿನ ಒಂದು ಪುಟ್ಟ ಸ್ಮಶಾನಕ್ಕೆ ಹೋಗಿದ್ದೆ. ಅಲ್ಲಿ ಥ್ಯಾಡಿಯಸ್ ಸ್ಟೀವನ್ಸ್ ಎಂಬುವರ ಸಮಾಧಿ ಇದೆ. ಪೆನ್ಸಿಲ್ವೇನಿಯಾ ರಾಜ್ಯದ ಇದೇ ಲ್ಯಾಂಕಾಸ್ಟರ್‌ನಲ್ಲಿ ವಕೀಲರಾಗಿದ್ದವರು, ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರೂ ಆಗಿದ್ದರು. ಇಷ್ಟು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವಳು ನೀನು. ಇವರ ಕತೆ ನಿನಗೆ ಹೇಳಲೇಬೇಕು ಅನ್ನಿಸಿತು.

ಹುಟ್ಟಿದ್ದು 1792ರಲ್ಲಿ, ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್‌ನಲ್ಲಿ. ಹುಟ್ಟುವಾಗಲೇ ಒಂದು ಪಾದ ಸೊಟ್ಟಗಿತ್ತು. ಅಪ್ಪ ಮನೆ ಬಿಟ್ಟು ಹೋದ. ನಾಲ್ಕು ಗಂಡುಮಕ್ಕಳನ್ನು ತಾಯಿ ಸಾರಾ ಒಬ್ಬರೇ ದುಡಿದು ಸಾಕಿದರು. ಈ ಮಗನನ್ನು ಕಾಲೇಜಿನವರೆಗೂ ಓದಿಸಿದರು.

1834ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಎಲ್ಲ ಮಕ್ಕಳಿಗೂ ಉಚಿತ ಶಾಲೆ ಅಂತ ಕಾನೂನು ಬಂತು. ಅದಕ್ಕೂ ಮುಂಚೆ ಬಡವರ ಮಕ್ಕಳಿಗೆ ಮಾತ್ರ ಫೀಸು ಇರಲಿಲ್ಲ. ಆದರೆ ಅಪ್ಪ ಅಮ್ಮ ತಾವು ಬಡವರು ಅಂತ ಹೆಸರು ಬರೆಸಬೇಕಿತ್ತು. ಎಷ್ಟೋ ಜನ ನಾಚಿಕೆಯಿಂದ ಮಕ್ಕಳನ್ನು ಕಳಿಸುತ್ತಲೇ ಇರಲಿಲ್ಲ. ಹೊಸ ಕಾನೂನಿಗೆ ತೆರಿಗೆ ಕಟ್ಟಬೇಕಲ್ಲ, ಜನ ತಿರುಗಿಬಿದ್ದರು. 1835ರಲ್ಲಿ ರಾಜ್ಯದ ಮೇಲ್ಮನೆ ಸೆನೆಟ್ ಅದನ್ನು ರದ್ದು ಮಾಡಲು ಒಪ್ಪಿಯೂ ಬಿಟ್ಟಿತ್ತು. ಆಗ ರಾಜ್ಯದ ಕೆಳಮನೆಯ ಸದಸ್ಯರಾಗಿದ್ದ ಸ್ಟೀವನ್ಸ್ ಅಲ್ಲಿ ಎದ್ದು ಮಾತಾಡಿದರು. ಆ ಭಾಷಣದ ನಂತರ ಸದನ ಶಾಲೆಗಳ ಪರ ನಿಂತಿತು. ಕಾನೂನು ಉಳಿಯಿತು.

ಇನ್ನೊಂದು ವಿಷಯ ಓದಿ ತುಂಬಾ ಸಂಕಟವಾಯಿತು. 1821ರಲ್ಲಿ, ಗೆಟ್ಟಿಸ್‌ಬರ್ಗ್‌ನಲ್ಲಿ ವಕೀಲರಾಗಿದ್ದಾಗ, ಅವರು ಒಬ್ಬ ಗುಲಾಮರ ಒಡೆಯನ ಪರ ವಾದ ಮಾಡಿದರು. ಚಾರಿಟಿ ಬಟ್ಲರ್ ಎಂಬ ಹೆಂಗಸು ತಾನು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ಇದ್ದೇನೆ, ಕಾನೂನಿನ ಪ್ರಕಾರ ತನಗೆ ಬಿಡುಗಡೆ ಸಿಗಬೇಕು ಅಂತ ಕೇಳಿದ್ದಳು. ಆ ಆರು ತಿಂಗಳು ಒಂದೇ ಸಮನೆ ಇದ್ದದ್ದಲ್ಲ ಅಂತ ಸ್ಟೀವನ್ಸ್ ವಾದಿಸಿ ಗೆದ್ದರು. ಆಕೆ ಮಕ್ಕಳ ಸಮೇತ ಗುಲಾಮಗಿರಿಯಲ್ಲೇ ಉಳಿದಳು. ದೊಡ್ಡ ತಪ್ಪು, ಅಲ್ವಾ ಅಮ್ಮ? ಮುಂದೆ ಅವರು ಏನೇ ಮಾಡಿದರೂ ಚಾರಿಟಿಗೆ ಅದರಿಂದ ಏನೂ ಸಿಗಲಿಲ್ಲ. ಅದನ್ನು ಮರೆತು ಅವರನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಆಮೇಲೆ ಅವರು ಪೂರ್ತಿ ಬದಲಾದರು. ಓಡಿಬಂದ ಗುಲಾಮರ ಪರ ಕೋರ್ಟಿನಲ್ಲಿ ನಿಂತರು. 1838ರಲ್ಲಿ ರಾಜ್ಯದ ಹೊಸ ಸಂವಿಧಾನ ಕಪ್ಪು ಜನರ ಮತದಾನದ ಹಕ್ಕು ಕಿತ್ತುಕೊಂಡಾಗ ಅದಕ್ಕೆ ಸಹಿ ಹಾಕಲಿಲ್ಲ. ಅಮೆರಿಕದ ಸಂವಿಧಾನಕ್ಕೆ ಬಂದ, ಗುಲಾಮಗಿರಿ ತೆಗೆದ 13ನೇ ತಿದ್ದುಪಡಿಗೂ, ಕಾನೂನಿನ ಮುಂದೆ ಎಲ್ಲರಿಗೂ ಒಂದೇ ರಕ್ಷಣೆ ಎಂದ 14ನೇ ತಿದ್ದುಪಡಿಗೂ ಕಾಂಗ್ರೆಸ್‌ನಲ್ಲಿ ಹೋರಾಡಿದರು. 14ನೆಯದು ಜಾರಿಗೆ ಬಂದ ಮುಂದಿನ ತಿಂಗಳೇ, 1868ರ ಆಗಸ್ಟ್‌ನಲ್ಲಿ, ತೀರಿಕೊಂಡರು.

ಆ ಪುಟ್ಟ ಸ್ಮಶಾನ ಯಾಕೆ ಅಂತ ಸಮಾಧಿಯ ಕಲ್ಲೇ ಹೇಳುತ್ತದೆ. ಬೇರೆ ಸ್ಮಶಾನಗಳಲ್ಲಿ ಬಣ್ಣ ನೋಡಿ ಜಾಗ ಕೊಡುವ ನಿಯಮ ಇತ್ತು. ಬದುಕಿಡೀ ಹೇಳಿದ ಸಮಾನತೆಯನ್ನು ಸಾವಿನಲ್ಲೂ ತೋರಿಸಲು ಇಲ್ಲಿ ಮಲಗಿದ್ದೇನೆ ಅಂತ ಬರೆಸಿದ್ದಾರೆ. ಅದನ್ನು ಓದುತ್ತಾ ಅಲ್ಲೇ ತುಂಬಾ ಹೊತ್ತು ನಿಂತಿದ್ದೆ. ನಮ್ಮೂರಲ್ಲೂ ಜಾತಿಗೊಂದು ಸ್ಮಶಾನ ಇದೆಯಲ್ಲ, ಅದು ನೆನಪಾಯಿತು.

ಅವರ ಉಯಿಲಿನ ಒಂದು ಮಾತು ನಿನಗಾಗಿ ಇಟ್ಟುಕೊಂಡಿದ್ದೆ. ತಾಯಿಯ ಸಮಾಧಿ ಇರುವ ಸ್ಮಶಾನಕ್ಕೆ 500 ಡಾಲರ್ ಬಿಟ್ಟುಹೋದರು. ಅದರ ಬಡ್ಡಿಯಲ್ಲಿ ಪ್ರತಿ ವಸಂತಕ್ಕೂ ಆಕೆಯ ಸಮಾಧಿಯ ನಾಲ್ಕು ಮೂಲೆಗೆ ಗುಲಾಬಿ ನೆಡಬೇಕು ಅಂತ.

ಅಪ್ಪನಿಗೆ ನಮಸ್ಕಾರ ತಿಳಿಸು. ಮಂಡಿನೋವಿನ ಮಾತ್ರೆ ತಪ್ಪಿಸಬೇಡ.

ನಿನ್ನ ಮಗ