ಆನೆಗಳು ಈಜುವ ಹೊಳೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಾನೀಗ ಬೋಟ್ಸ್‌ವಾನಾದ ಉತ್ತರದ ತುದಿಯಲ್ಲಿ, ಚೋಬೆ ನದಿಯ ದಂಡೆಯಲ್ಲಿದ್ದೇನೆ. ಊರಿನ ಹೆಸರು ಕಸಾನೆ. ಜೊಹಾನ್ಸ್‌ಬರ್ಗ್ ಮೂಲಕ ಬಂದೆ. ಪ್ರಯಾಣದ ಕಥೆ ಬಿಡು, ನೇರ ಆನೆಗಳ ವಿಷಯಕ್ಕೇ ಬರುತ್ತೇನೆ. ಸಕಲೇಶಪುರದ ತೋಟದಲ್ಲಿ ದಿನಾ ಆನೆ ಸುದ್ದಿ ಕೇಳಿಕೊಂಡೇ ಏಳುವವನು ನೀನು. ಇಲ್ಲಿ ನೋಡಿದ್ದನ್ನು ಮೊದಲು ನಿನಗೇ ಬರೆಯಬೇಕು ಅನ್ನಿಸಿತು. ಬೇರೆಯವರೂ ಓದಲಿ, ಅದರಲ್ಲಿ ಗುಟ್ಟೇನೂ ಇಲ್ಲ.

ಈಗ ಸೆಪ್ಟೆಂಬರ್ ಕೊನೆ. ಇಲ್ಲಿ ಬೇಸಿಗೆ ಏರುತ್ತಿದೆ. ಮೇ ತಿಂಗಳಿಂದ ಒಂದು ಹನಿ ಮಳೆ ಬಿದ್ದಿಲ್ಲ. ಕಾಡಿನೊಳಗಿನ ಹೊಂಡಗಳೆಲ್ಲ ಬತ್ತಿವೆ. ಉಳಿದಿರುವ ನೀರು ಅಂದರೆ ಈ ಹೊಳೆ ಒಂದೇ. ಹಾಗಾಗಿ ಮಧ್ಯಾಹ್ನ ಬಿಸಿಲು ಏರುತ್ತಿದ್ದಂತೆ ಆನೆಗಳು ಕಾಡಿನಿಂದ ಇಳಿಯಲು ಶುರು ಮಾಡುತ್ತವೆ. ಮೊದಲು ಒಂದು ಹಿಂಡು, ಅದರ ಹಿಂದೆ ಇನ್ನೊಂದು, ಆಮೇಲೆ ಎಣಿಸುವುದನ್ನು ಬಿಟ್ಟುಬಿಡಬೇಕು. ಕೊನೆಯ ನೂರು ಅಡಿ ನೀರಿನ ವಾಸನೆಗೆ ಓಡುತ್ತಲೇ ಬರುತ್ತವೆ. ಮರಿಗಳು ತಾಯಿಯ ಕಾಲ ಸಂದಿಯಲ್ಲಿ ಸಿಕ್ಕಿಕೊಂಡು ಓಡುತ್ತವೆ. ದೊಡ್ಡ ಆನೆಗೆ ದಿನಕ್ಕೆ 150 ಲೀಟರ್‌ಗೂ ಜಾಸ್ತಿ ನೀರು ಬೇಕಂತೆ.

ಆನೆ ನೀರು ಕುಡಿಯುವುದನ್ನು ಕಬಿನಿ ಹಿನ್ನೀರಿನಲ್ಲಿ ನಾವಿಬ್ಬರೂ ನೋಡಿದ್ದೇವೆ. ಆದರೆ ಇಲ್ಲಿ ಕುಡಿದ ಮೇಲೆ ಏನಾಗುತ್ತದೆ ನೋಡು. ಹೊಳೆಯ ನಡುವೆ ಸೆಡುಡು ಅನ್ನುವ ಒಂದು ನಡುಗಡ್ಡೆ ಇದೆ. ಮಳೆಗಾಲದ ಆಮೇಲೆ ಅದು ನೀರಲ್ಲಿ ಮುಳುಗಿರುತ್ತದೆ. ನೀರು ಇಳಿದ ಮೇಲೆ ಪೂರ್ತಿ ಹಸಿರು ಹುಲ್ಲು. ಈ ದಂಡೆಯಲ್ಲಿ ಎಲೆ ಕೂಡ ಒಣಗಿರುವಾಗ ಆ ಹುಲ್ಲು ಆನೆಗಳ ಕಣ್ಣಿಗೆ ಬೀಳುತ್ತದೆ. ಹಿಂಡಿನ ಮುದಿ ಹೆಣ್ಣಾನೆ ಮೊದಲು ನೀರಿಗಿಳಿಯುತ್ತಾಳೆ. ನೀರು ಮೊಣಕಾಲಿಗೆ, ಹೊಟ್ಟೆಗೆ, ಬೆನ್ನಿಗೆ ಬರುತ್ತದೆ. ಆಮೇಲೆ ಆನೆಯೇ ಕಾಣುವುದಿಲ್ಲ, ಬರೀ ಸೊಂಡಿಲ ತುದಿ ಮೇಲಿರುತ್ತದೆ. ಮರಿಗಳನ್ನು ದೊಡ್ಡವು ನಡುವೆ ಹಾಕಿಕೊಳ್ಳುತ್ತವೆ. ತೀರಾ ಚಿಕ್ಕದೊಂದು ಮುಂದಿನ ಆನೆಯ ಬೆನ್ನ ಮೇಲೆ ಮುಂಗಾಲು ಊರಿ ದಾಟಿತು. ನಡುವೆ ಒಮ್ಮೆ ಅದರ ಸೊಂಡಿಲೂ ಕಾಣದೇ ಹೋಯಿತು. ದೋಣಿಯಲ್ಲಿದ್ದವರೆಲ್ಲ ಉಸಿರು ಹಿಡಿದೆವು. ಹಿಂದಿದ್ದ ಆನೆ ತಲೆಯಿಂದ ಅದನ್ನು ಮೇಲಕ್ಕೆತ್ತಿತು. ಆಚೆ ದಡ ಹತ್ತಿದ ತಕ್ಷಣ ಮರಿ ಕೆಸರಲ್ಲಿ ಉರುಳಾಡಲು ಶುರು ಮಾಡಿತು, ಏನೂ ಆಗೇ ಇಲ್ಲ ಅನ್ನೋ ಥರ.

ಹುಲ್ಲು ತಿನ್ನುವುದನ್ನೂ ಹತ್ತಿರದಿಂದ ನೋಡಿದೆ. ಒಂದು ಹಿಡಿ ಹುಲ್ಲನ್ನು ಬೇರು ಸಮೇತ ಕೀಳುತ್ತವೆ. ಸುಮ್ನೆ ಬಾಯಿಗೆ ಹಾಕುವುದಿಲ್ಲ. ನೀರಲ್ಲಿ ಆಚೆ ಈಚೆ ಅಲ್ಲಾಡಿಸಿ ಮಣ್ಣೆಲ್ಲ ತೊಳೆದು ಆಮೇಲೆ ತಿನ್ನುತ್ತವೆ. ಮರಳು ತಿಂದರೆ ಹಲ್ಲು ಬೇಗ ಸವೆಯುತ್ತದೆ, ಹಲ್ಲು ಹೋದರೆ ಆನೆಯ ಆಯಸ್ಸೂ ಮುಗಿದಂತೆ. ಒಂದು ಗಂಡಾನೆ ಹೀಗೆ ಹುಲ್ಲು ತೊಳೆಯುವುದನ್ನು ನೋಡುತ್ತಾ ನಾನು ಇಡೀ ಸಂಜೆ ಕೂತುಬಿಡುತ್ತಿದ್ದೆ. ಆದರೆ ಸೂರ್ಯ ಮುಳುಗುವ ಹೊತ್ತಿಗೆ ದೋಣಿಗಳೆಲ್ಲ ಚೋಬೆ ನ್ಯಾಷನಲ್ ಪಾರ್ಕಿನಿಂದ ಹೊರಗಿರಬೇಕು. ನಿಯಮ ಬಿಗಿಯಾಗಿದೆ. ಅದು ಒಳ್ಳೆಯದೇ.

ಆ ನಡುಗಡ್ಡೆಗೆ ಒಂದು ದೊಡ್ಡ ವ್ಯಾಜ್ಯದ ಚರಿತ್ರೆ ಇದೆ. ಹೊಳೆಯ ಆಚೆ ದಡ ನಮೀಬಿಯಾ. ಅವರು ಅದನ್ನು ಕಸಿಕಿಲಿ ಅಂತಾರೆ, ತಮ್ಮದು ಅಂದರು. ಬೋಟ್ಸ್‌ವಾನಾ ತನ್ನದು ಅಂದಿತು. ಮೂರೂವರೆ ಚದರ ಕಿಲೋಮೀಟರ್ ಜಾಗ ಅಷ್ಟೇ. 1890ರಲ್ಲಿ ಇಂಗ್ಲೆಂಡ್ ಮತ್ತು ಜರ್ಮನಿ ಕೂತು ಗಡಿ ಬರೆದುಕೊಂಡಾಗ, ನದಿಯ ಮುಖ್ಯ ಕವಲಿನ ನಡುವೆ ಗಡಿ ಅಂದಿದ್ದರು. ಯಾವ ಕವಲು ಮುಖ್ಯ ಅಂತ ಹೇಳಿರಲಿಲ್ಲ. ಕೊನೆಗೆ ಎರಡೂ ದೇಶ ಒಪ್ಪಿ ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. 1999ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಉತ್ತರದ ಕವಲೇ ಮುಖ್ಯ, ಹಾಗಾಗಿ ನಡುಗಡ್ಡೆ ಬೋಟ್ಸ್‌ವಾನಾದ್ದು. ಆದರೆ ಎರಡೂ ಕವಲಲ್ಲಿ ಎರಡೂ ದೇಶದ ದೋಣಿಗಳನ್ನು ಒಂದೇ ರೀತಿ ನೋಡಿಕೊಳ್ಳಬೇಕು ಅಂತಲೂ ಕೋರ್ಟ್ ಹೇಳಿತು. ನಮೀಬಿಯಾ ಒಪ್ಪಿಕೊಂಡಿತು. ಈಗ ಅಲ್ಲಿ ಬೋಟ್ಸ್‌ವಾನಾದ ಬಾವುಟ ಹಾರುತ್ತದೆ, ಅದರ ಬುಡದಲ್ಲಿ ಕಾಡೆಮ್ಮೆಗಳು ಮಲಗಿರುತ್ತವೆ. ನೀರಿನ ವ್ಯಾಜ್ಯದಲ್ಲೇ ಬೆಳೆದ ನಮ್ಮಂಥವರಿಗೆ, ಒಂದು ತೀರ್ಪು ಬಂದು ಜಗಳ ಅಲ್ಲಿಗೇ ನಿಂತಿತು ಅನ್ನೋದೇ ದೊಡ್ಡ ಸಮಾಧಾನದ ಸುದ್ದಿ.

ಈ ಹೊಳೆಯೂ ವಿಚಿತ್ರ. ಅಂಗೋಲಾದ ಬೆಟ್ಟಗಳಲ್ಲಿ ಹುಟ್ಟುವಾಗ ಕ್ವಾಂಡೊ, ಸ್ವಲ್ಪ ಕೆಳಗೆ ಲಿನ್ಯಾಂಟಿ, ಇಲ್ಲಿ ಚೋಬೆ. ಕಸಾನೆ ದಾಟಿ ಕಜುಂಗುಲಾ ಹತ್ತಿರ ಜಾಂಬೆಜಿ ನದಿಗೆ ಸೇರುತ್ತದೆ. ಜಾಂಬೆಜಿಗೆ ನೆರೆ ಬಂದಾಗ ಅದರ ನೀರು ಒತ್ತಿಕೊಂಡು ಬಂದು ಚೋಬೆ ಹಿಂದಕ್ಕೆ ಹರಿಯುತ್ತದಂತೆ. ಇಲ್ಲಿ ಮಳೆ ನಿಂತ ಮೇಲೆ, ಎಲ್ಲೋ ದೂರದಲ್ಲಿ ಬಿದ್ದ ಮಳೆಯ ನೀರು ಬಂದು ಬಯಲೆಲ್ಲ ತುಂಬುತ್ತದೆ.

ಲಾಡ್ಜ್ ಬಗ್ಗೆ ಕೇಳಿದ್ದೆಯಲ್ಲ. ಹುಲ್ಲಿನ ಮಾಡು, ಮರದ ಜಗಲಿ, ಮಂಚದ ಸುತ್ತ ಸೊಳ್ಳೆಪರದೆ. ಜಗಲಿಯಿಂದ ನೇರ ಹೊಳೆ ಕಾಣುತ್ತದೆ. ಕತ್ತಲಾದ ಮೇಲೆ ಊಟದ ಜಾಗದಿಂದ ಕೋಣೆಗೆ ಒಬ್ಬರೇ ನಡೆಯುವಂತಿಲ್ಲ. ಲಾಡ್ಜ್‌ನವರು ಟಾರ್ಚ್ ಹಿಡಿದು ಜೊತೆಗೆ ಬರುತ್ತಾರೆ. ಕಾರಣ ಹಿಪ್ಪೋ. ಹಗಲೆಲ್ಲ ನೀರಲ್ಲಿ ಬಿದ್ದುಕೊಂಡಿದ್ದು ರಾತ್ರಿ ಮೇಲೆ ಬಂದು ಹುಲ್ಲು ಮೇಯುತ್ತದೆ, ಒಂದು ರಾತ್ರಿಗೆ ಸುಮಾರು 40 ಕಿಲೋ. ಅದಕ್ಕೂ ನೀರಿಗೂ ನಡುವೆ ಮಾತ್ರ ಯಾವತ್ತೂ ನಿಲ್ಲಬಾರದು ಅಂತ ಬಂದ ದಿನವೇ ಹೇಳಿಕೊಟ್ಟರು. ರಾತ್ರಿ ಕಿಟಕಿಯ ಹೊರಗೆ ಅದು ಹುಲ್ಲು ಹರಿಯುವ ಸದ್ದು ಕೇಳಿಸುತ್ತದೆ. ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಈಗ ಆ ಸದ್ದು ಕೇಳಿದರೆ ಒಂಥರಾ ನೆಮ್ಮದಿ.

ಊಟದಲ್ಲಿ ಒಂದು ವಿಷಯ ನಿನಗೆ ಖುಷಿ ಕೊಡುತ್ತದೆ. ಇಲ್ಲಿನವರ ದಿನದ ಊಟ ಬೊಗೊಬೆ, ಜೋಳದ ಹಿಟ್ಟಿನದು. ನೋಡಲು, ತಿನ್ನಲು ನಮ್ಮ ಜೋಳದ ಸಂಗಟಿಯೇ. ಜೊತೆಗೆ ಸೊಪ್ಪಿನ ಪಲ್ಯ, ಇಲ್ಲವೇ ಬೇಯಿಸಿ ಕುಟ್ಟಿದ ದನದ ಮಾಂಸ. ಜೋಳ ನಮಗೆ ಬಂದಿದ್ದೇ ಆಫ್ರಿಕಾದಿಂದ ತಾನೆ, ರಾಗಿಯೂ ಅಷ್ಟೇ. ಪ್ರವಾಸಿಗರಿಗೆ ಅಂತ ಮಾಡುವ ಊಟಕ್ಕಿಂತ ಕೆಲಸದವರ ಈ ಊಟವೇ ನನಗೆ ಹಿಡಿಸಿತು, ಕೇಳಿ ಹಾಕಿಸಿಕೊಂಡೆ.

ಬೆಳಗಿನ ಜಾವ ತೆರೆದ ಜೀಪಲ್ಲಿ ಪಾರ್ಕಿಗೆ ಹೋಗುತ್ತೇವೆ. ಸಿಂಹ ನೋಡಿದೆ, ನಿಜ. ಆದರೆ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮರದ ನೆರಳಲ್ಲಿ ಮಲಗಿತ್ತು, ಸುತ್ತ ಜೀಪುಗಳು ನಿಂತಿದ್ದವು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಕು ಅನ್ನುವ ಜಿಂಕೆ ಜಾತಿ. ಇಡೀ ಬೋಟ್ಸ್‌ವಾನಾದಲ್ಲಿ ಅದು ಇರುವುದು ಈ ಹೊಳೆಯ ಬಯಲಲ್ಲಿ ಮಾತ್ರ. ಇನ್ನು ಹಕ್ಕಿಗಳು! ಕಡುಗೆಂಪು ಕಳ್ಳಿಪೀರಗಳು ಈಗಷ್ಟೇ ಬಂದಿಳಿದಿವೆ. ಮೀನುಹದ್ದಿನ ಕೂಗು ಹೊಳೆಯ ಈ ದಡದಿಂದ ಆ ದಡಕ್ಕೆ ಕೇಳಿಸುತ್ತದೆ. ಒಂದು ಸಂಜೆ ಸದ್ದೇ ಇಲ್ಲದೆ ಒಂದು ದೋಣಿ ನಮ್ಮ ಪಕ್ಕ ಹಾದು ಹೋಯಿತು. ಪಾರ್ಕಿನ ಒಳಗೇ ಇರುವ ಚೋಬೆ ಗೇಮ್ ಲಾಡ್ಜ್‌ನವರ ವಿದ್ಯುತ್ ದೋಣಿ ಅದು. ಅಲ್ಲಿನ ಗೈಡ್‌ಗಳೆಲ್ಲ ಹೆಣ್ಣುಮಕ್ಕಳು. ದೋಣಿ, ಜೀಪು ಎರಡನ್ನೂ ಅವರೇ ಓಡಿಸುತ್ತಾರೆ. ನಮ್ಮ ಸಫಾರಿಗಳಲ್ಲೂ ಇದು ಆಗಬೇಕು ಮಾರಾಯ.

ಈಗ ನಿನ್ನ ಹತ್ತಿರ ಮಾತಾಡಲೇಬೇಕಾದ ವಿಷಯ. ದಂಡೆಯ ಉದ್ದಕ್ಕೂ ಒಣಗಿದ ದೊಡ್ಡ ಮರಗಳು ನಿಂತಿವೆ, ತೊಗಟೆ ಸುಲಿದಿದೆ. ಆನೆ ಜಾಸ್ತಿಯಾಗಿ ಕಾಡು ಹಾಳಾಯಿತು ಅಂತ ಜೀಪಲ್ಲಿದ್ದ ಒಬ್ಬರು ಮರುಗಿದರು. ನಮ್ಮ ಗೈಡ್ ಜೀಪು ನಿಲ್ಲಿಸಿ ಬೇರೆಯೇ ಕಥೆ ಹೇಳಿದರು. ನೂರೈವತ್ತು ವರ್ಷದ ಹಿಂದೆ ದಂತಕ್ಕಾಗಿ ಬೇಟೆಯಾಡಿ ಇಲ್ಲಿನ ಆನೆಗಳನ್ನು ಬಹುಪಾಲು ಮುಗಿಸಿದ್ದರು. ಅದರ ಬೆನ್ನಿಗೆ 1896ರ ಸುಮಾರಿಗೆ ರಿಂಡರ್‌ಪೆಸ್ಟ್ ರೋಗ ಬಂತು. ದನಗಳ ಜೊತೆ ಕಾಡೆಮ್ಮೆ, ಜಿಂಕೆಗಳೂ ಸತ್ತವು. ಸಸಿ ತಿನ್ನುವವರೇ ಇಲ್ಲದ ಆ ಕಾಲದಲ್ಲಿ ಈ ಮರಗಳು ಎದ್ದು ನಿಂತವು. ಆಮೇಲೆ ಆನೆಗಳು ಮರಳಿ ಬಂದವು. ಅಂದರೆ ನಾವು ಹಾಳಾಯಿತು ಅಂತ ಅಳುತ್ತಿರುವ ಕಾಡು, ಆನೆ ಇಲ್ಲದ ಕಾಲದಲ್ಲಿ ಬೆಳೆದ ಕಾಡು. ಇದನ್ನು ಕೇಳಿದ ಮೇಲೆ ಆ ಒಣ ಮರಗಳನ್ನು ನಾನು ನೋಡುವ ರೀತಿಯೇ ಬದಲಾಯಿತು.

ಆ ಗೈಡ್ ಹುಟ್ಟಿದ್ದು ಪಾರ್ಕಿನ ಪಕ್ಕದ ಚೋಬೆ ಎನ್‌ಕ್ಲೇವ್ ಅನ್ನುವ ಸೀಮೆಯ ಒಂದು ಹಳ್ಳಿಯಲ್ಲಿ. ಅವರ ಅಮ್ಮ ಈಗಲೂ ಜೋಳ, ಮೆಕ್ಕೆಜೋಳ ಬೆಳೆಯುತ್ತಾರೆ. ಬೆಳೆ ಕೈಗೆ ಬರುವ ಹೊತ್ತಿಗೇ ಆನೆಯೂ ಬರುತ್ತದೆ. ಒಂದೇ ರಾತ್ರಿ ಸಾಕು, ನಿನಗೆ ಹೇಳಬೇಕಾಗಿಲ್ಲ. ಅವರು ಒಣಮೆಣಸನ್ನು ಕುಟ್ಟಿ ಆನೆ ಲದ್ದಿಯ ಜೊತೆ ಕಲಸಿ ಇಟ್ಟಿಗೆ ಮಾಡಿ ಒಣಗಿಸುತ್ತಾರೆ. ಸಂಜೆ ಹೊಲದ ಅಂಚಿನಲ್ಲಿ ಅದಕ್ಕೆ ಕೆಂಡ ಹಾಕಿದರೆ ರಾತ್ರಿಯಿಡೀ ಖಾರದ ಹೊಗೆ ಬರುತ್ತದೆ. ಗಾಳಿ ಸರಿಯಿದ್ದರೆ ಆನೆ ತಿರುಗಿ ಹೋಗುತ್ತದೆ. ಗಾಳಿ ಬದಲಾದರೆ ಮನೆಯವರೇ ಕೆಮ್ಮಬೇಕು.

ಲೆಕ್ಕ ನೋಡು. ಬೋಟ್ಸ್‌ವಾನಾ ಕರ್ನಾಟಕದ ಮೂರರಷ್ಟು ದೊಡ್ಡದು. ಜನ ಸುಮಾರು 24 ಲಕ್ಷ. ಆನೆ 1.3 ಲಕ್ಷ, ಜಗತ್ತಿನ ಯಾವ ದೇಶದಲ್ಲೂ ಇಷ್ಟಿಲ್ಲ. ಭಾರತದಲ್ಲೇ ಹೆಚ್ಚು ಆನೆ ಇರುವ ನಮ್ಮ ರಾಜ್ಯದಲ್ಲಿ 2023ರ ಎಣಿಕೆಗೆ ಸಿಕ್ಕಿದ್ದು 6,395. ಆದರೆ ನಿಮ್ಮ ಕಡೆ ಆನೆಗೂ ಮನೆಗೂ ನಡುವೆ ಜಾಗವೇ ಇಲ್ಲ. 2014ರಲ್ಲಿ ಆಲೂರು, ಸಕಲೇಶಪುರದ ಕಡೆ 22 ಆನೆ ಹಿಡಿದು ಸಾಗಿಸಿದರು, ಆದರೂ ಆನೆ ಬರುವುದು ನಿಂತಿಲ್ಲ. ಅದನ್ನು ಗೈಡ್‌ಗೆ ಹೇಳಿದೆ. ಅವರು ತಲೆಯಾಡಿಸಿದರು. ಇಲ್ಲಿ 2014ರಲ್ಲಿ ಬೇಟೆ ನಿಲ್ಲಿಸಿದರು, 2019ರಲ್ಲಿ ಮತ್ತೆ ಶುರು ಮಾಡಿದರು. 2024ರಲ್ಲಿ ಜರ್ಮನಿ ಬೇಟೆಯ ತಲೆ, ದಂತಗಳ ಆಮದು ಬಿಗಿ ಮಾಡುವ ಮಾತಾಡಿದಾಗ, ಆಗಿನ ಅಧ್ಯಕ್ಷ ಮೊಕ್ವೀಟ್ಸಿ ಮಸಿಸಿ 20,000 ಆನೆಗಳನ್ನು ನಿಮಗೇ ಕಳಿಸುತ್ತೇವೆ, ಜೊತೆಗೆ ಬದುಕಿ ನೋಡಿ ಅಂದಿದ್ದರು. ನನಗೆ ಬೇಟೆ ಒಪ್ಪಿಗೆಯಾಗುವುದಿಲ್ಲ. ಹುಲ್ಲು ತೊಳೆದು ತಿನ್ನುವ ಆ ಗಂಡಾನೆಯನ್ನು ನೋಡಿದ ಮೇಲಂತೂ ಆಗುವುದೇ ಇಲ್ಲ. ಆದರೆ ಅದನ್ನು ಆ ತಾಯಿಯ ಹೊಲದಲ್ಲಿ ನಿಂತು ಹೇಳುವ ಹಕ್ಕು ನನಗಿಲ್ಲ. ನಿನಗೆ ಇದೆ. ಅದಕ್ಕೇ ನಿನ್ನ ಅಭಿಪ್ರಾಯ ಬೇಕು.

ಇನ್ನೊಂದು ಮಾತು. ಪಾರ್ಕಿನ ಒಳಗೆ ಸೆರೊಂಡೆಲಾ ಅನ್ನುವ ಊರಿತ್ತು, ಮರ ಕೊಯ್ಯುವ ಕೆಲಸದ ಜನ ಅಲ್ಲಿದ್ದರು. 1975ರ ಹೊತ್ತಿಗೆ ಎಲ್ಲರನ್ನೂ ಹೊರಗೆ ಕಳಿಸಿದರು. ಈಗ ಅಲ್ಲಿ ಜೀಪು ನಿಲ್ಲಿಸಿ ಟೀ ಕುಡಿಯುತ್ತೇವೆ. ನಾಗರಹೊಳೆಯಿಂದ ಹೊರಬಂದ ಜೇನುಕುರುಬರ ಹಾಡಿಗಳು ನೆನಪಾದವು. ಟೀ ರುಚಿಸಲಿಲ್ಲ.

ನೀನು ಒಮ್ಮೆ ಬಾ. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಬಂದರೆ ಆನೆ ಹೀಗೆ ಕಾಣುತ್ತವೆ. ನವೆಂಬರ್ ಮೇಲೆ ಮಳೆ ಬಂದರೆ ಅವು ಕಾಡಿಗೆ ಚದುರುತ್ತವೆ. ದುಡ್ಡಿನ ಚಿಂತೆ ಇದ್ದರೆ ಪಾರ್ಕಿನ ಒಳಗೆ ಉಳಿಯಬೇಡ. ಊರಲ್ಲಿ ಟೆಂಟ್ ಹಾಕುವ ಜಾಗಗಳಿವೆ, ದೋಣಿ ಮಾತ್ರ ಬಿಡಬೇಡ. ಮಲೇರಿಯಾ ಇದೆ, ಮೊದಲೇ ಡಾಕ್ಟರ್ ಕೇಳಿ ಮಾತ್ರೆ ತಗೋ. ಬೈನಾಕ್ಯುಲರ್ ಮರೆಯಬೇಡ. ವಿಕ್ಟೋರಿಯಾ ಜಲಪಾತ ಇಲ್ಲಿಂದ ಸುಮಾರು 80 ಕಿಲೋಮೀಟರ್, ಅದನ್ನೂ ನೋಡಿಕೊಂಡು ಹೋಗಬಹುದು.

ಗೈಡ್ ನಿನ್ನ ಬಗ್ಗೆ ತುಂಬಾ ಕೇಳಿದರು. ಕಾಫಿ ತೋಟದಲ್ಲಿ ಆನೆಗೆ ತಿನ್ನಲು ಏನಿದೆ ಅಂದರು, ಹಲಸು, ಬಾಳೆ, ಗದ್ದೆಯ ಭತ್ತ ಅಂದೆ. ಬೆಳಿಗ್ಗೆ ಕೆಲಸದವರು ತೋಟಕ್ಕೆ ಇಳಿಯುವ ಮೊದಲು ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬರುತ್ತದೆ ಅಂದಿದ್ದು ಅವರಿಗೆ ತುಂಬಾ ಹಿಡಿಸಿತು. ಯಾರು ಕಳಿಸುತ್ತಾರೆ, ಇರುವ ಜಾಗ ತಿಳಿಸುವ ರೇಡಿಯೊ ಕೊರಳಪಟ್ಟಿ ಹಾಕಿದ ಆನೆ ಎಷ್ಟಿವೆ, ಅದು ತಪ್ಪಿದ್ದುಂಟಾ ಅಂತ ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ನೀನು ವಿವರವಾಗಿ ಬರೆದು ಕಳಿಸು, ನಾನು ಇಂಗ್ಲಿಷಿಗೆ ಮಾಡಿ ಅವರಿಗೆ ಕೊಡುತ್ತೇನೆ. ಮೆಣಸಿನ ಇಟ್ಟಿಗೆಯ ಅಳತೆ, ಎಷ್ಟು ಲದ್ದಿಗೆ ಎಷ್ಟು ಮೆಣಸು ಅನ್ನೋದನ್ನು ಅವರು ಅಮ್ಮನನ್ನು ಕೇಳಿ ಹೇಳುತ್ತಾರಂತೆ. ಸಿಕ್ಕ ತಕ್ಷಣ ಬರೆಯುತ್ತೇನೆ. ಗದ್ದೆಯ ಕೊಯ್ಲಿಗೆ ಇನ್ನೂ ಸಮಯ ಇದೆಯಲ್ಲ, ಈ ವರ್ಷವೇ ಒಂದು ಮೂಲೆಯಲ್ಲಿ ಮಾಡಿ ನೋಡು. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ