ವ್ಯಾನಿನ ಪರದೆಗೆ ತೂತು ಬೇಕಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಟೆಂಪೊ ಟ್ರಾವೆಲರ್, ವಿಂಗರ್‌ನಂಥ ಗಾಡಿಗಳ ಸೀಟು ಕಿತ್ತು, ಹಾಸಿಗೆ, ಸಿಂಕು, ಒಲೆ ಕೂರಿಸಿ ಕ್ಯಾಂಪರ್ ವ್ಯಾನ್ ಮಾಡಿಸಿಕೊಳ್ಳುವವರು ಈಗ ನಮ್ಮಲ್ಲೂ ಇದ್ದಾರೆ. ಲಕ್ಷಗಟ್ಟಲೆ ಖರ್ಚಿನ ಆ ಕೆಲಸದಲ್ಲಿ ಪರದೆಯ ಸರದಿ ಬರುವುದು ಕೊನೆಯ ದಿನ, ಗಾಡಿ ಬಿಡಿಸಿಕೊಳ್ಳುವ ಅವಸರದಲ್ಲಿ. ಫಿಟ್ಟರ್ ಡ್ರಿಲ್ ಎತ್ತಿಕೊಂಡು ಕಿಟಕಿಗೆ ಆರೆಂಟು ತೂತು ಹೊಡೆದು, ಸ್ಕ್ರೂ ಬಿಗಿದು ಮುಗಿಸುತ್ತಾನೆ. ಆ ತೂತುಗಳು ಬೇಕಿಲ್ಲ. ಸ್ಕ್ರೂ ಇಲ್ಲದೆಯೂ ಪರದೆ ಭದ್ರವಾಗಿ ನಿಲ್ಲುತ್ತದೆ. ಯಾವ ಗೋಡೆಗೆ ಯಾವ ಉಪಾಯ ಎಂದು ತಿಳಿದಿರಬೇಕು, ಅಷ್ಟೆ. ಕುಶನ್ ಕೆಲಸದವರಾದ ನಾವು ಆ ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸ್ಕ್ರೂ ಯಾಕೆ ಬೇಡ ಎನ್ನುವುದು. ವ್ಯಾನಿನ ಮೈ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳು. 4.2 ಮಿ.ಮೀ. ದಪ್ಪದ ಸೆಲ್ಫ್ ಟ್ಯಾಪಿಂಗ್ ಸ್ಕ್ರೂವಿನ ಒಂದು ಥ್ರೆಡ್ಡಿಗೂ ಮುಂದಿನದಕ್ಕೂ ಅಂತರ 1.4 ಮಿ.ಮೀ. ಅಂದರೆ ಸ್ಕ್ರೂ ಎಷ್ಟೇ ಉದ್ದವಿರಲಿ, ತಗಡು ಅದನ್ನು ಒಂದು ಪೂರ್ತಿ ಸುತ್ತೂ ಹಿಡಿದಿರುವುದಿಲ್ಲ. ರಸ್ತೆಯ ಉಬ್ಬುತಗ್ಗಿಗೆ ತೂತು ಅಗಲವಾಗುತ್ತಾ ಹೋಗಿ ಒಂದು ದಿನ ಸ್ಕ್ರೂ ಕೈಗೆ ಬರುತ್ತದೆ. ಆಗ ಅದಕ್ಕಿಂತ ದಪ್ಪದ್ದನ್ನು ಹಾಕುತ್ತಾರೆ. ಇನ್ನೊಂದು ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಡ್ರಿಲ್ ಮಾಡಿದ ಕಬ್ಬಿಣದ ಪುಡಿ ಎರಡು ತಗಡುಗಳ ನಡುವಿನ ಪೊಳ್ಳಿನೊಳಗೆ ಉದುರಿ ಅಲ್ಲೇ ಕೂರುತ್ತದೆ, ತೂತಿನ ಅಂಚಿನಲ್ಲಿ ಬಣ್ಣ ಹೋಗಿರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರಡೂ ಕಡೆ ತುಕ್ಕು. ಕಿಟಕಿಯ ಪಕ್ಕದ ಕಂಬಗಳೊಳಗೆ ವೈರು ಹಾದುಹೋಗಿರುವುದೂ ಉಂಟು. ಸ್ಕ್ರೂ ತುದಿ ವೈರಿನ ಮೇಲುಹೊದಿಕೆಗೆ ತಾಗಿ ನಿಂತರೆ ಶಾರ್ಟ್ ಆಗುವುದು ಅವತ್ತಲ್ಲ, ಉಜ್ಜಿ ಉಜ್ಜಿ ತಿಂಗಳುಗಳ ಮೇಲೆ. ಆಗ ಪರದೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಬಟ್ಟೆ ಕೊಳ್ಳುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ದಾರದ ತುದಿಗೆ ಒಂದು ನಟ್ಟು ಕಟ್ಟಿ, ಕಿಟಕಿಯ ಮೇಲಂಚಿನಿಂದ ಗಾರೆಯವರ ತೂಗುಗುಂಡಿನ ಹಾಗೆ ಇಳಿಬಿಡಿ. ವ್ಯಾನಿನ ಗೋಡೆ ಮನೆಯ ಗೋಡೆಯಂತೆ ನೆಟ್ಟಗಿರುವುದಿಲ್ಲ, ಮೇಲೆ ಹೋದಂತೆ ಒಳಕ್ಕೆ ಬಾಗಿರುತ್ತದೆ. ಹಾಗಾಗಿ ದಾರ ಕೆಳಗಂಚಿಗೆ ಬರುವಷ್ಟರಲ್ಲಿ ಗೋಡೆಯಿಂದ ದೂರ ಸರಿದಿರುತ್ತದೆ. ಮೇಲಷ್ಟೇ ಕಟ್ಟಿದ ಪರದೆ ನಿಲ್ಲುವುದೂ ಅಷ್ಟೇ ದೂರದಲ್ಲಿ. ಸಂದಿಯಿಂದ ಬೀದಿದೀಪದ ಬೆಳಕು ಒಳಬರುತ್ತದೆ, ಗಾಡಿ ತಿರುವಿನಲ್ಲಿ ವಾಲಿದಾಗ ಬಟ್ಟೆ ಮಲಗಿದವರ ಮುಖದ ಮೇಲೆ ಆಡುತ್ತದೆ. ಆದ್ದರಿಂದ ವ್ಯಾನಿನ ಪರದೆಗೆ ಕೆಳಗೂ ಹಿಡಿತ ಬೇಕು. ನಮ್ಮ ಬಸ್ಸುಗಳ ಪರದೆಗೆ ಮೇಲೊಂದು ಕೆಳಗೊಂದು ತಂತಿ ಇರುವುದು ಇದೇ ಕಾರಣಕ್ಕೆ, ಅಂದಕ್ಕಲ್ಲ.

ಆಮೇಲೆ ಒಂದು ಸಣ್ಣ ಅಯಸ್ಕಾಂತ ಹಿಡಿದು ಕಿಟಕಿಯ ಸುತ್ತ ಆಡಿಸಿ. ಗಟ್ಟಿಯಾಗಿ ಕಚ್ಚಿದರೆ ಅಲ್ಲಿ ತಗಡಿದೆ. ಮೆಲ್ಲಗೆ ಎಳೆದಂತಾದರೆ ತಗಡು ಪ್ಯಾನೆಲ್ಲಿನ ಹಿಂದೆ ಕೆಲವು ಮಿಲಿಮೀಟರ್ ಒಳಗಿದೆ, ಅದು ಪ್ರಯೋಜನಕ್ಕೆ ಬರುವುದಿಲ್ಲ. ಅಯಸ್ಕಾಂತದ ಬಲ ಅಂತರ ಹೆಚ್ಚಿದಂತೆ ಬೇಗ ಕುಸಿಯುತ್ತದೆ. ಪ್ಲೈವುಡ್, ಫೈಬರ್, ಅಲ್ಯೂಮಿನಿಯಂ ಆದರೆ ಏನೂ ಆಗುವುದಿಲ್ಲ.

ತಗಡು ಸಿಕ್ಕರೆ ಅಯಸ್ಕಾಂತದ ಪರದೆಯಷ್ಟು ಸಲೀಸಾದದ್ದು ಬೇರೆ ಇಲ್ಲ. 90 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಕಿಟಕಿಯನ್ನೇ ಲೆಕ್ಕಕ್ಕೆ ಹಿಡಿಯೋಣ. ಸುತ್ತಲೂ 5 ಸೆಂ.ಮೀ. ಗೋಡೆಯ ಮೇಲೆ ಬರುವಂತೆ ಪರದೆ ಹೊಲಿದು ಮುಗಿದಾಗ 100ಕ್ಕೆ 70 ಇರಬೇಕು. ನಾಲ್ಕೂ ಕಡೆ 3 ಸೆಂ.ಮೀ. ಮಡಿಕೆಗೆ ಸೇರಿಸಿ 106ಕ್ಕೆ 76 ಕತ್ತರಿಸಿ. ಇದು ನೆರಿಗೆ ಇಲ್ಲದ, ಚಪ್ಪಟೆ ಪರದೆ. ಅಯಸ್ಕಾಂತ 15 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ನಿಯೋಡಿಮಿಯಂ ಎಂಬ ಬಲವಾದ ಬಗೆಯ ಬಿಲ್ಲೆಗಳಾಗಿರಲಿ. ಮೇಲಂಚಿಗೆ ಹೆಚ್ಚುಕಡಿಮೆ 14 ಸೆಂ.ಮೀ.ಗೆ ಒಂದರಂತೆ ಎಂಟು, ಕೆಳಗೆ ಐದು, ಪಕ್ಕಕ್ಕೆ ಎರಡೆರಡು, ಒಟ್ಟು ಹದಿನೇಳು. ಒಂದೆರಡು ಕಳೆಯುವುದು ಖಂಡಿತ, ಇಪ್ಪತ್ತು ತನ್ನಿ.

ಇವನ್ನು ಹೊಲಿಯುವಾಗ ಎಲ್ಲರೂ ಒಮ್ಮೆಯಾದರೂ ತಪ್ಪು ಮಾಡುತ್ತಾರೆ: ಬಿಲ್ಲೆಯನ್ನು ಮಡಿಕೆಯೊಳಗೆ ಇಟ್ಟು ಮಿಷನ್ನಿಗೆ ಕೊಡುತ್ತಾರೆ. ಬಿಲ್ಲೆ ಜಾರಿ, ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫೂಟಿಗೆ ಕಚ್ಚಿಕೊಳ್ಳುತ್ತದೆ, ಸೂಜಿ ವಾಲಿ ಮುರಿಯುತ್ತದೆ. ಮೊದಲು ಮಡಿಕೆಯಲ್ಲಿ ಎರಡು ಸೆಂ.ಮೀ. ಚೌಕದ ಪುಟ್ಟ ಜೇಬುಗಳನ್ನು ಮೂರು ಕಡೆ ಹೊಲಿದುಕೊಂಡು, ಬಟ್ಟೆಯನ್ನು ಮಿಷನ್ನಿನಿಂದ ತೆಗೆದ ಮೇಲೆ ಬಿಲ್ಲೆ ಇಳಿಸಿ, ಬಾಯಿಯನ್ನು ಕೈಯಲ್ಲಿ ನಾಲ್ಕು ಹೊಲಿಗೆ ಹಾಕಿ ಮುಚ್ಚಿ. ಒಗೆಯುವಾಗ ಆ ನಾಲ್ಕು ಹೊಲಿಗೆ ಬಿಚ್ಚಿ ಬಿಲ್ಲೆ ತೆಗೆದರೆ ಒಳ್ಳೆಯದು. ಅದರ ಮೇಲಿನ ನಿಕ್ಕಲ್ ಲೇಪ ಒಂದು ಕಡೆ ಎದ್ದರೂ ಒಳಗಿನ ಲೋಹ ತುಕ್ಕು ಹಿಡಿದು ಬಟ್ಟೆಗೆ ಕಂದು ಕಲೆ ಕೂರುತ್ತದೆ, ಆ ಕಲೆ ಹೋಗುವುದಿಲ್ಲ. ಜೇಬಿನ ಗೋಡೆ ಕಡೆಯ ಪದರ ತೆಳುವಾಗಿರಲಿ. ಬೆಳಕು ತಡೆಯುವ ಬ್ಲಾಕ್‌ಔಟ್ ಬಟ್ಟೆ ದಪ್ಪ, ಅದನ್ನು ಎರಡು ಪದರ ಮಡಿಸಿದರೆ ಹಿಡಿತ ಅರ್ಧವೂ ಉಳಿಯುವುದಿಲ್ಲ. ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಬಿಡಿ ಬಿಲ್ಲೆಗಳನ್ನು ಎಲ್ಲೂ ಬಿಡಬೇಡಿ. ಎರಡು ನುಂಗಿದರೆ ಅವು ಕರುಳಿನ ಮಡಿಕೆಗಳನ್ನು ನಡುವೆ ಹಿಸುಕಿ ಹಿಡಿಯುತ್ತವೆ, ಕರುಳು ತೂತಾಗುತ್ತದೆ. ಅನುಮಾನ ಬಂದ ತಕ್ಷಣ ಆಸ್ಪತ್ರೆಗೆ ಓಡಬೇಕು.

ತಗಡಿಲ್ಲದ ಗೋಡೆಗೆ 20 ಮಿ.ಮೀ. ಅಗಲದ ಕಬ್ಬಿಣದ ಪಟ್ಟಿಯನ್ನು ಟೇಪಿನಿಂದ ಅಂಟಿಸಿ ಅಯಸ್ಕಾಂತಕ್ಕೆ ನೆಲೆ ಮಾಡಿಕೊಡಬಹುದು. ತುಕ್ಕು ಹಿಡಿಯದಿರಲಿ ಎಂದು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ತಂದು ಪೇಚಾಡುವವರಿದ್ದಾರೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ 304 ದರ್ಜೆಯ ಸ್ಟೀಲಿಗೆ ಅಯಸ್ಕಾಂತ ಹಿಡಿಯುವುದಿಲ್ಲ. ಬಣ್ಣ ಹೊಡೆದ ಜಿಐ, ಅಂದರೆ ಸತುವಿನ ಲೇಪದ ಕಬ್ಬಿಣದ ಪಟ್ಟಿ ಸಾಕು.

ಈಗ ಟೇಪಿನ ವಿಷಯ. ತಕರಾರು ಬರುವುದೆಲ್ಲ ಇಲ್ಲೇ. ‘ಟೇಪು ನಿಲ್ಲುವುದಿಲ್ಲ ಸಾರ್, ಸ್ಕ್ರೂನೇ ಹಾಕಿಸಿ’ ಎನ್ನುತ್ತಾರಲ್ಲ, ಟೇಪು ನಿಲ್ಲದಿರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಅಂಟಿಸಿದ ರೀತಿ. ಹೊರಗೆ 40 ಡಿಗ್ರಿ ಬಿಸಿಲಿದ್ದಾಗ ಮುಚ್ಚಿದ ಗಾಡಿಯೊಳಗೆ 60 ಡಿಗ್ರಿ ಆಗುತ್ತದೆ. ಮನೆಯ ಗೋಡೆಗೆಂದು ಮಾಡಿದ, ಎಳೆದರೆ ಕಳಚುವ ಅಂಟು ಹುಕ್ಕುಗಳು ತಾಳುವುದೇ 40ರ ಆಸುಪಾಸಿನ ತನಕ. ರಾಯಚೂರಿನ ಮೇ ತಿಂಗಳಲ್ಲಿ ಅವು ಮಧ್ಯಾಹ್ನದೊಳಗೆ ನೆಲದಲ್ಲಿರುತ್ತವೆ. ವಾಹನಗಳಿಗೆ ಬಳಸುವ ಅಕ್ರಿಲಿಕ್ ಫೋಮ್ ಟೇಪು ಬೇಕು, ವಿಎಚ್‌ಬಿ ಎಂದು ಕೇಳಿದರೆ ಕೊಡುತ್ತಾರೆ. ಅಲುಗಾಡದೆ ತೂಗುವ ಒಂದು ಕಿಲೊ ತೂಕಕ್ಕೆ ಸುಮಾರು 57 ಚದರ ಸೆಂ.ಮೀ. ಟೇಪು ಎನ್ನುವುದು ಅದರ ಲೆಕ್ಕ. ಅಯಸ್ಕಾಂತದ ಬದಲು, ಟೇಪಿನಿಂದ ಅಂಟಿಸಿದ ರೈಲಿನಲ್ಲಿ ಸರಿದಾಡುವ ಪರದೆಯನ್ನು ಲೆಕ್ಕ ಹಾಕೋಣ. ನೆರಿಗೆ ಬರಲೆಂದು 150 ಸೆಂ.ಮೀ. ಅಗಲ, 78 ಸೆಂ.ಮೀ. ಎತ್ತರ ಕತ್ತರಿಸಿದ, ಚದರ ಮೀಟರಿಗೆ 250 ಗ್ರಾಂ ತೂಗುವ ಬಟ್ಟೆ 300 ಗ್ರಾಂ ಆಗುತ್ತದೆ. ಹಗುರ ರೈಲು ಮತ್ತೊಂದು 300 ಎಂದುಕೊಳ್ಳಿ. 600 ಗ್ರಾಮಿಗೆ 34 ಚದರ ಸೆಂ.ಮೀ., ಅಂದರೆ 19 ಮಿ.ಮೀ. ಅಗಲದ ಟೇಪು 18 ಸೆಂ.ಮೀ. ಆದರೆ ಪರದೆಯನ್ನು ದಿನಾ ಕೈಯಿಂದ ಎಳೆಯುತ್ತೇವೆ, ಗಾಡಿ ಕುಲುಕುತ್ತದೆ. ಮೂರು ಪಟ್ಟು ಹಾಕಿ, ರೈಲಿನ ಎರಡು ತುದಿಯಲ್ಲಿ ಹೆಚ್ಚು.

ಅಂಟಿಸುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಸಮಸಮ ಬೆರೆಸಿ ಒರೆಸಿ, ಒಣಗಲು ಬಿಡಿ. ಪೆಟ್ರೋಲ್ ಬೇಡ, ಅದು ಜಿಡ್ಡು ಉಳಿಸುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಟೇಪಿನ ಉದ್ದಕ್ಕೂ ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ಇಪ್ಪತ್ತು ನಿಮಿಷಕ್ಕೆ ಅರ್ಧ ಬಲ ಬರುತ್ತದೆ, ಪೂರ್ತಿ ಬರಲು 72 ಗಂಟೆ ಬೇಕು. ಅಂಟಿಸಿದ ಸಂಜೆಯೇ ಪರದೆ ತೂಗುಹಾಕಿದರೆ ಬೀಳದೆ ಇನ್ನೇನು? ರೆಕ್ಸಿನ್ ಮೇಲೆ ಮಾತ್ರ ಈ ಟೇಪು ನೆಚ್ಚಬೇಡಿ. ರೆಕ್ಸಿನ್ ಮೆದುವಾಗಿರಲು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನಕ್ಕೆ ಹೊರಬಂದು ಅಂಟನ್ನು ಕರಗಿಸುತ್ತದೆ. ಪ್ಲಾಸ್ಟಿಕ್ ಪ್ಯಾನೆಲ್ ಆದರೆ ಬಿಚ್ಚಿ ಬೆನ್ನು ನೋಡಿ, ಯಾವ ಪ್ಲಾಸ್ಟಿಕ್ ಎಂದು ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಎಬಿಎಸ್ ಆದರೆ ಅಂಟುತ್ತದೆ, ಪಿಪಿ ಆದರೆ ಮೊದಲು ಪ್ರೈಮರ್, ಅಂದರೆ ಅಂಟು ಹಿಡಿಯುವಂತೆ ಮಾಡುವ ದ್ರವ ಹಚ್ಚಲೇಬೇಕು. ಬಾಗಿದ ಗೋಡೆಗೆ ನೆಟ್ಟಗಿನ ರೈಲನ್ನು ಬಗ್ಗಿಸಿ ಒತ್ತುವುದೂ ತಪ್ಪು. ಅದು ಹಗಲುರಾತ್ರಿ ನೆಟ್ಟಗಾಗಲು ಹೆಣಗುತ್ತಾ ತುದಿಯ ಟೇಪನ್ನು ಎಬ್ಬಿಸುತ್ತದೆ. ರೈಲನ್ನೇ ಮೊದಲು ಗೋಡೆಯ ಬಾಗಿಗೆ ತಕ್ಕಂತೆ ಬಗ್ಗಿಸಿಕೊಂಡು ಅಂಟಿಸಿ. ಮುಂದೆ ತೆಗೆಯಬೇಕಾದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಮೀನು ಗಾಳದ ನೈಲಾನ್ ದಾರವನ್ನು ಗರಗಸದಂತೆ ಆಡಿಸಿದರೆ ಬಣ್ಣ ಕೀಳದೆ ಬರುತ್ತದೆ.

ವೆಲ್ಕ್ರೋ ಅಗ್ಗ, ಎಲ್ಲೆಡೆ ಸಿಗುತ್ತದೆ, ಆದರೆ ನಮಗೆ ಅಷ್ಟು ಇಷ್ಟವಿಲ್ಲ. ಪರದೆ ಬಿಚ್ಚುವಾಗ ವೆಲ್ಕ್ರೋ ಬದಲು ಅದರ ಹಿಂದಿನ ಅಂಟೇ ಗೋಡೆಯಿಂದ ಎದ್ದುಬರುತ್ತದೆ. ಹಾಕುವುದೇ ಆದರೆ ಮೆತ್ತನೆಯ ಭಾಗವನ್ನು ಬಟ್ಟೆಗೆ ಹೊಲಿದು, ಒರಟು ಭಾಗವನ್ನು ಗೋಡೆಗೆ ಅಂಟಿಸಿ, ಬಿಚ್ಚುವಾಗ ಗೋಡೆಯ ಪಟ್ಟಿಯನ್ನು ಒಂದು ಬೆರಳಿನಿಂದ ಅದುಮಿ ಹಿಡಿಯಿರಿ. ಅಂಟು ಇರುವ ವೆಲ್ಕ್ರೋವನ್ನು ಮಿಷನ್ನಿಗೆ ಕೊಡಬೇಡಿ, ಸೂಜಿಗೆ ಗೋಂದು ಮೆತ್ತಿ ಹೊಲಿಗೆ ತಪ್ಪುತ್ತದೆ.

ಡ್ರೈವರ್ ಸೀಟಿಗೂ ಹಿಂದಿನ ಕೋಣೆಗೂ ನಡುವಿನ ಪರದೆಗೆ ಸ್ಪ್ರಿಂಗ್ ಇರುವ ಟೆನ್ಷನ್ ರಾಡ್ ಕೊಳ್ಳುವವರೇ ಹೆಚ್ಚು. ಎರಡು ಗೋಡೆ ಮೇಲೆ ಕಿರಿದು, ಕೆಳಗೆ ಅಗಲ; ರಾಡು ಅಗಲದ ಕಡೆಗೆ, ಅಂದರೆ ಕೆಳಕ್ಕೆ ಜಾರುತ್ತದೆ. ಎರಡೂ ಬದಿಗೆ ಬೆಣೆಯಾಕಾರದ ಮರದ ತುಂಡನ್ನು ಟೇಪಿನಿಂದ ಅಂಟಿಸಿ, ರಾಡಿನ ಮುಖಗಳಿಗೆ ನೆಟ್ಟಗಿನ ನೆಲೆ ಮಾಡಿಕೊಟ್ಟರೆ ನಿಲ್ಲುತ್ತದೆ. ಕಿಟಕಿಗಳಿಗಾದರೆ ಮನೆಗಳಲ್ಲಿ ಬಳಸುವ ಪ್ಲಾಸ್ಟಿಕ್ ಹೊದಿಕೆಯ ಸ್ಪ್ರಿಂಗ್ ವೈರೇ ಚೆನ್ನ. ಪ್ಯಾನೆಲ್ಲಿಗೆ ಕಂಪನಿಯೇ ಹಾಕಿದ ಸ್ಕ್ರೂ ಬಿಚ್ಚಿ, ಅದರಡಿ ಹುಕ್ಕಿನ ಬಿಲ್ಲೆ ಇಟ್ಟು ಮತ್ತೆ ಬಿಗಿದರೆ ಹೊಸ ತೂತಿಲ್ಲದೆ ಕೊಂಡಿ ಸಿಕ್ಕಿತು. ವೈರನ್ನು ಅಳತೆಗಿಂತ ಹತ್ತರಲ್ಲೊಂದು ಭಾಗ ಗಿಡ್ಡ ಕತ್ತರಿಸಿ, ಆಗ ಜೋಲುವುದಿಲ್ಲ. ಸೀಟ್ ಬೆಲ್ಟಿನ ಬೋಲ್ಟನ್ನು ಮಾತ್ರ ಇದಕ್ಕೆಂದು ಮುಟ್ಟಬಾರದು. ಚಾವಣಿಯ ಅಂಚಿನಲ್ಲಿ ಏರ್‌ಬ್ಯಾಗ್ ಇರುವ ಗಾಡಿಯಾದರೆ ಆ ಪಟ್ಟಿಗೆ ಏನನ್ನೂ ಅಂಟಿಸಬಾರದು, ತೂಗಲೂಬಾರದು. ತುರ್ತು ಕಿಟಕಿಯ ಪರದೆ ಒಂದೇ ಎಳೆತಕ್ಕೆ ಕಳಚಬೇಕು, ಅಲ್ಲಿ ಅಯಸ್ಕಾಂತವೇ ಸರಿ. ಒಲೆಯ ಪಕ್ಕದ ಕಿಟಕಿಗೆ ಬಟ್ಟೆಯೇ ಬೇಡ.

ಕೊಡಗು, ಚಿಕ್ಕಮಗಳೂರು ಕಡೆ ಮಳೆಗಾಲದಲ್ಲಿ ಹೋಗುವವರು ಇದನ್ನೂ ಗಮನಿಸಿ. ಇಬ್ಬರು ರಾತ್ರಿಯೆಲ್ಲ ಮಲಗಿದರೆ ಉಸಿರು, ಬೆವರಿನಿಂದ ಅರ್ಧ ಲೀಟರಿನಷ್ಟು ನೀರು ಒಳಗಿನ ಗಾಳಿಗೆ ಸೇರುತ್ತದೆ. ಅದು ತಣ್ಣನೆ ಗಾಜಿನ ಮೇಲೆ ಹನಿಯಾಗಿ ಇಳಿಯುತ್ತದೆ, ಪರದೆ ಗಾಜಿಗೆ ತಾಗಿದ್ದರೆ ಬಟ್ಟೆ ಹೀರಿಕೊಂಡು ಬೂಷ್ಟು ಹಿಡಿಯುತ್ತದೆ. ಎರಡು ಬೆರಳಿನಷ್ಟು ಅಂತರ ಬಿಡಿ, ಎದುರುಬದುರಿನ ಎರಡು ಕಿಟಕಿ ಸ್ವಲ್ಪ ತೆರೆದಿರಲಿ. ಬೆಳಿಗ್ಗೆ ಪರದೆ ಕಳಚಿ ಗಾಜು ಒರೆಸಿ.

ಕಳಚಲು ಬರುವುದರಿಂದ ಇನ್ನೊಂದು ಅನುಕೂಲವಿದೆ. ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50ರಷ್ಟು ಬೆಳಕು ಹಾಯಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಗಾಜಿಗೆ ಕಪ್ಪು ಫಿಲಂ ಹಚ್ಚಬಾರದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಆದೇಶಿಸಿತು. ಕೇರಳದ ಸಾರಿಗೆ ಇಲಾಖೆ 2021ರ ಜನವರಿಯಲ್ಲಿ ‘ಆಪರೇಷನ್ ಸ್ಕ್ರೀನ್’ ಹೆಸರಿನಲ್ಲಿ ಫಿಲಂ ಜೊತೆಗೆ ಪರದೆ ಹಾಕಿದ ಗಾಡಿಗಳಿಗೂ ದಂಡ ಹಾಕಿತ್ತು. ವಯನಾಡಿಗೆ ಹೊರಟವರು ಗುಂಡ್ಲುಪೇಟೆ ದಾಟುವಷ್ಟರಲ್ಲಿ ಪರದೆ ಮಡಿಸಿ ಹಾಸಿಗೆಯಡಿ ಇಟ್ಟರಾಯಿತು, ಗಾಡಿ ನಿಲ್ಲಿಸಿದ ಮೇಲೆ ಮತ್ತೆ ಹಾಕಲು ಎರಡು ನಿಮಿಷ.

ಗಾಡಿ ಮಾಡಿಕೊಡುವ ವರ್ಕ್‌ಶಾಪಿನವರಲ್ಲಿ ನಮ್ಮದೊಂದು ಕೋರಿಕೆ. ಒಳ ಪ್ಯಾನೆಲ್ ಮುಚ್ಚುವ ಮೊದಲು ಪ್ರತಿ ಕಿಟಕಿಯ ಸುತ್ತ ಟೇಪಳತೆ ಹಿಡಿದು ನಾಲ್ಕು ಫೋಟೊ ತೆಗೆದು ಮಾಲೀಕರಿಗೆ ಕೊಡಿ. ವೈರು ಎಲ್ಲಿ ಹೋಗಿದೆ, ತಗಡು ಎಲ್ಲಿದೆ, ಪ್ಲೈವುಡ್ ಎಲ್ಲಿದೆ ಎಂದು ಅದರಲ್ಲಿ ಕಾಣಲಿ. ಕೊಳ್ಳುವವರೂ ಬಿಲ್ಲಿನ ಜೊತೆ ಆ ಫೋಟೊ ಕೇಳಿ ಪಡೆಯಲಿ.

— ಕುಶನ್ ಕೆಲಸಗಾರರು, ಹಾಸನ