ಬೆವರಿನ ದುಡ್ಡು ಅವರ ಕೈಗೇ ಸೇರಲಿ: ನಮ್ಮ ಭಾನುವಾರದ ಮೇಜಿಗೆ ನೆರವಾಗಿ

ಆತ್ಮೀಯರೇ, ನಮಸ್ಕಾರ.

ಹೋದ ವರ್ಷ ಒಂದು ಭಾನುವಾರ ಲಗ್ಗೆರೆ ಕಡೆಯ ಹೆಣ್ಣುಮಗಳೊಬ್ಬರು, ದುಡಿಯುವವರ ಕಾಗದಪತ್ರ ಪುಕ್ಕಟೆ ನೋಡಿಕೊಡುವ ನಮ್ಮ ಟ್ರಸ್ಟಿನ ಮೇಜಿಗೆ ಬಂದರು. ಗಂಡ ಲಾರಿಗೆ ಲೋಡ್ ತುಂಬುವ ಕೆಲಸದಲ್ಲಿದ್ದವರು, ಆಗಸ್ಟಿನಲ್ಲಿ ಎದೆನೋವು ಬಂದು ತೀರಿಕೊಂಡಿದ್ದರು. ಖಾತೆಯಲ್ಲಿ ಉಳಿದಿದ್ದ ಸಾವಿರ ಚಿಲ್ಲರೆ ರೂಪಾಯಿ ತೆಗೆಯಲು ಒಂದು ಅರ್ಜಿ ಬರೆಸಿಕೊಳ್ಳಬೇಕಿತ್ತು, ಅಷ್ಟೇ. ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಕೊಟ್ಟರು. ನಮ್ಮ ಬಿ.ಕಾಂ. ಹುಡುಗಿ ಪುಟ ತಿರುವುತ್ತಾ ಮೇ ತಿಂಗಳ ಒಂದು ಸಾಲಿನ ಮೇಲೆ ಬೆರಳಿಟ್ಟಳು. 436 ರೂಪಾಯಿ ಕಡಿತ. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಆ ವಿಮೆ ಇದ್ದವರು ತೀರಿಕೊಂಡರೆ ನಾಮಿನಿಗೆ 2 ಲಕ್ಷ ರೂಪಾಯಿ ಸಿಗುತ್ತದೆ. ಖಾತೆ ತೆರೆದಾಗ ಯಾರೋ ಸಹಿ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ದುಡ್ಡು ಬಂತು. ಆದರೆ ಆ ಅಕ್ಕ ಅವತ್ತು ಬರದೇ ಇದ್ದಿದ್ದರೆ? ಖಾತೆ ಮುಚ್ಚುತ್ತಿತ್ತು, ಪಾಸ್‌ಬುಕ್ ಹಳೆ ಪೇಪರ್ ಜೊತೆ ಹೋಗುತ್ತಿತ್ತು. ಇದು ನನ್ನನ್ನು ಈಗಲೂ ಕಾಡುತ್ತದೆ.

ನಮ್ಮ ಟ್ರಸ್ಟಿನ ಕೆಲಸ ದೊಡ್ಡದೇನಲ್ಲ. ಪೀಣ್ಯದ ಸುತ್ತಮುತ್ತ ಗಾರ್ಮೆಂಟ್ಸಿಗೆ ಹೋಗುವವರು, ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಡೆಲಿವರಿ ಕೆಲಸದವರು ಭಾನುವಾರ ಕಾಗದಪತ್ರ ತರುತ್ತಾರೆ. ಒಂದು ಶಾಲೆಯವರು ಕೋಣೆ ಪುಕ್ಕಟೆ ಬಿಟ್ಟುಕೊಟ್ಟಿದ್ದಾರೆ. ನನ್ನ ಹಾಗೆ ಬ್ಯಾಂಕಿನಿಂದ ನಿವೃತ್ತರಾದವರು, ಸಿಎ ಓದುತ್ತಿರುವ ಮಕ್ಕಳು ಅವರ ಪಕ್ಕ ಕೂತು ಲೆಕ್ಕ ನೋಡುತ್ತೇವೆ, ರಿಟರ್ನ್ (ಆದಾಯ ತೆರಿಗೆ ಇಲಾಖೆಗೆ ಕೊಡುವ ವರ್ಷದ ಲೆಕ್ಕ) ತುಂಬುತ್ತೇವೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ.

ಬಡವರಿಗೆಲ್ಲಿಯ ಇನ್‌ಕಂ ಟ್ಯಾಕ್ಸು ಅಂತ ಕೇಳುವವರಿದ್ದಾರೆ. ನಿಜ, ಅವರು ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೂ ದುಡ್ಡು ಹಿಡಿದಿರುತ್ತಾರಲ್ಲ! ತಿಂಗಳಿಗೆ 15,000ಕ್ಕೆ ದುಡಿಯುವ ಲ್ಯಾಬ್ ಹುಡುಗನನ್ನು ನೌಕರ ಅನ್ನದೆ 'ಕನ್ಸಲ್ಟೆಂಟ್' ಅಂತ ಬರೆದುಕೊಂಡಿದ್ದರು. ಹಾಗಾಗಿ ನೂರಕ್ಕೆ 10ರಂತೆ ಟಿಡಿಎಸ್, ಅಂದರೆ ದುಡ್ಡು ಕೈಗೆ ಕೊಡುವ ಮೊದಲೇ ಹಿಡಿಯುವ ತೆರಿಗೆ, ಮುರಿದುಕೊಂಡರು. ವರ್ಷಕ್ಕೆ 18,000 ಆಯಿತು. ಒಂದು ತಿಂಗಳ ದುಡಿಮೆಗಿಂತ ಜಾಸ್ತಿ. ರಿಟರ್ನ್ ಹಾಕಿದರೆ ಮಾತ್ರ ಅದು ವಾಪಸ್ ಬರುತ್ತದೆ. ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರಂತೂ ಕಡಿತ ನೂರಕ್ಕೆ 20ಕ್ಕೂ ಏರಬಹುದು. ಈಗ ಜೋಡಿಸೋಣ ಅಂದರೆ 1,000 ರೂಪಾಯಿ ಶುಲ್ಕ. ಆ ಸಾವಿರ ಹೊಂದಿಸಲಾಗದೆ ಎದ್ದು ಹೋದವರನ್ನು ನೋಡಿದ್ದೇನೆ. ಈಗ ಅಂಥವರ ಶುಲ್ಕವನ್ನು ಟ್ರಸ್ಟೇ ಕಟ್ಟುತ್ತದೆ.

ನಾವಿಲ್ಲದಿದ್ದರೆ ಅವರು ಹೋಗುವುದು ಬ್ರೋಕರ್ ಹತ್ತಿರ. ಇಲ್ಲದ ವಿಮೆ, ಕಟ್ಟದ ಬಾಡಿಗೆ ತೋರಿಸಿ ರೀಫಂಡ್ ಕೊಡಿಸುತ್ತಾರೆ, ಕಮಿಷನ್ ಹಿಡಿಯುತ್ತಾರೆ. ನೋಟಿಸ್ ಬರುವ ಹೊತ್ತಿಗೆ ಬ್ರೋಕರ್ ಫೋನ್ ಸ್ವಿಚ್ ಆಫ್. ಸುಳ್ಳು ಲೆಕ್ಕಕ್ಕೆ ತಪ್ಪಿಸಿದ ತೆರಿಗೆಯ ಎರಡರಷ್ಟು ದಂಡ ಬೀಳಬಹುದು. ಉತ್ತರ ಕೊಡಬೇಕಾದವರು ಪ್ಯಾನ್ ಯಾರ ಹೆಸರಲ್ಲಿದೆಯೋ ಅವರೇ.

ಪಿಎಫ್ (ಭವಿಷ್ಯನಿಧಿ) ಕಥೆ ಬೇರೆ. 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ, ಪೀಣ್ಯದ ರಸ್ತೆಗೆ ಇಳಿದಿದ್ದು ನೆನಪಿದೆ ಅಲ್ವಾ? ಪಿಎಫ್‌ಗೆ ಮಾಲೀಕರು ಹಾಕಿದ ಪಾಲನ್ನು 58 ವರ್ಷ ವಯಸ್ಸಾಗುವವರೆಗೆ ತೆಗೆಯುವ ಹಾಗಿಲ್ಲ ಅನ್ನುವ ನಿಯಮ ಬಂದಿತ್ತು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಅಂಥ ಹೆಣ್ಣುಮಕ್ಕಳು ಇವತ್ತು ಒಂದೇ ಒಂದು ಅಕ್ಷರಕ್ಕೆ ಸೋಲುತ್ತಿದ್ದಾರೆ. ಆಧಾರ್‌ನಲ್ಲಿ ಹೆಸರಿಗೆ ಒಂದು 'ಎಂ', ಪಿಎಫ್ ದಾಖಲೆಯಲ್ಲಿ ಎರಡು. ಅರ್ಜಿ ತಿರಸ್ಕೃತ. ಓಟಿಪಿ ಹೋಗುವುದು ಎಂದೋ ಕಳೆದುಹೋದ ಸಿಮ್‌ಗೆ. ಮೂರು ಫ್ಯಾಕ್ಟರಿ ಬದಲಾಯಿಸಿದ್ದರೆ ಮೂರು ಯುಎಎನ್ (ಒಬ್ಬರಿಗೆ ಒಂದೇ ಇರಬೇಕಾದ ಪಿಎಫ್ ಸಂಖ್ಯೆ) ಇರುವುದೂ ಉಂಟು. ಇದನ್ನು ಬಿಡಿಸಲು ತಾಳ್ಮೆ ಬೇಕು. ಕೆಲವರಿಗೆ ನಾಲ್ಕು ಭಾನುವಾರ ಹಿಡಿಯುತ್ತದೆ.

ಇನ್ನೊಂದು ವಿಷಯ ಬಿಚ್ಚಿ ಹೇಳಬೇಕು. ಬಂದವರು ಮೊದಲು ಕೇಳುವುದು, "ಸಾರ್, ರಿಟರ್ನ್ ಹಾಕಿದರೆ ಗೃಹಲಕ್ಷ್ಮಿ ನಿಂತುಹೋಗುತ್ತಾ?" ತಿಂಗಳಿಗೆ 2,000 ಅಂದರೆ ಆ ಮನೆಗೆ ಅಕ್ಕಿ, ಎಣ್ಣೆ, ಮಗುವಿನ ಟ್ಯೂಷನ್. ಹೆಂಡತಿಯೋ ಗಂಡನೋ ಆದಾಯ ತೆರಿಗೆ ಕಟ್ಟುವವರಾದರೆ ಆ ಹಣ ಇಲ್ಲ ಅನ್ನುತ್ತದೆ ನಿಯಮ. ರಿಟರ್ನ್ ಹಾಕುವುದೂ ತೆರಿಗೆ ಕಟ್ಟುವುದೂ ಒಂದೇ ಅಲ್ಲ. ಆದರೂ ಎಲ್ಲೋ ಪಟ್ಟಿಯಲ್ಲಿ ಹೆಸರು ತಪ್ಪಾಗಿ ಸೇರಿದರೆ ಕಚೇರಿ ಅಲೆಯಬೇಕಾದವರು ಅವರೇ. ಹಾಗಾಗಿ ಲಾಭವನ್ನೂ ತೊಂದರೆಯನ್ನೂ ಎರಡನ್ನೂ ಹೇಳುತ್ತೇವೆ. ಒಪ್ಪಿದರೆ ಮಾತ್ರ ಮುಂದುವರಿಯುತ್ತೇವೆ. ಸುಮ್ನೆ ಸಂಖ್ಯೆ ತೋರಿಸಲು ಯಾರ ರಿಟರ್ನನ್ನೂ ನಾವು ಹಾಕಿಲ್ಲ.

ಕಾಯುತ್ತಾ ಕೂತವರ ಜೊತೆ ಉಳಿತಾಯದ ಮಾತೂ ನಡೆಯುತ್ತದೆ. ಚೀಟಿ ಹಾಕುವಾಗ ಏನು ನೋಡಬೇಕು, ಸಂಘದ ಸಾಲಕ್ಕೆ ನಿಜವಾಗಿ ಎಷ್ಟು ಬಡ್ಡಿ ಬೀಳುತ್ತಿದೆ, ಹತ್ತು ವರ್ಷದೊಳಗಿನ ಮಗಳಿಗೆ ವರ್ಷಕ್ಕೆ 250 ರೂಪಾಯಿಂದಲೂ ಸುಕನ್ಯಾ ಖಾತೆ ನಡೆಸಬಹುದು, ಇಂಥವು. ಪಾಸ್‌ಬುಕ್ ಓದುವುದನ್ನಂತೂ ಎಲ್ಲರಿಗೂ ಕಲಿಸುತ್ತೇವೆ. ಯಾಕೆಂದು ಮೇಲೆಯೇ ಹೇಳಿದೆನಲ್ಲ.

ನೀವು ಕೊಡುವ ದುಡ್ಡು ಪ್ಯಾನ್ ಶುಲ್ಕಕ್ಕೆ, ಪ್ರಿಂಟರ್ ಇಂಕಿಗೆ, ಇಂಟರ್‌ನೆಟ್‌ಗೆ, ಮಕ್ಕಳ ಬಸ್ ಚಾರ್ಜಿಗೆ, ಮಧ್ಯಾಹ್ನದ ಚಿತ್ರಾನ್ನಕ್ಕೆ ಹೋಗುತ್ತದೆ. ಸಂಬಳ ತೆಗೆದುಕೊಳ್ಳುವವರು ನಮ್ಮಲ್ಲಿ ಯಾರೂ ಇಲ್ಲ. 1,000 ರೂಪಾಯಿ ಕೊಟ್ಟರೆ ಒಬ್ಬರ ಪ್ಯಾನ್ ಮತ್ತೆ ಜೀವ ಪಡೆಯುತ್ತದೆ. 100 ಕೊಟ್ಟರೂ ಕೈ ಮುಗಿದು ತೆಗೆದುಕೊಳ್ಳುತ್ತೇವೆ. ಟ್ರಸ್ಟಿನ ಖಾತೆಗೆ ಯುಪಿಐ ಅಥವಾ ಚೆಕ್ ಮೂಲಕ ಕಳಿಸಿ, ರಸೀದಿ ಕೊಡುತ್ತೇವೆ. ದೇಣಿಗೆಗೆ ತೆರಿಗೆ ವಿನಾಯಿತಿ (80ಜಿ ಅನ್ನುತ್ತಾರಲ್ಲ, ಅದು) ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ. ನಗದು 2,000 ದಾಟಿದರೆ ಅದೂ ಇಲ್ಲ.

ಜುಲೈ ಬಂದರೆ ಸಾಲು ಗೇಟಿನ ತನಕ ನಿಲ್ಲುತ್ತದೆ, ನಮ್ಮಲ್ಲಿರುವುದು ಎರಡೇ ಲ್ಯಾಪ್‌ಟಾಪ್. ನಿಮ್ಮ ಮನೆಯಲ್ಲಿ ಹಳೆಯದೊಂದು ಸುಮ್ನೆ ಕೂತಿದ್ದರೆ, ದಯವಿಟ್ಟು ಚಾರ್ಜರ್ ಸಮೇತ ಕೊಡಿ.

ವಿಶ್ವಾಸದಿಂದ,
ಕಾರ್ಯದರ್ಶಿ